ಎತ್ತರ ಅಂದ್ರೆ ಭಯ ಇರುವವರು ಶಿವಗಂಗೆ ಬೆಟ್ಟ ಹತ್ತಬಹುದಾ?

ಹತ್ತಬಹುದು. ಆದರೆ ಭಾನುವಾರ ಬೇಡ.

ನೀವು ಬರೆದದ್ದು ಇಷ್ಟು: ಎತ್ತರದಿಂದ ಕೆಳಗೆ ನೋಡಿದರೆ ನಿಮಗೆ ತಲೆ ಸುತ್ತುತ್ತದೆ. ಜೊತೆಗೆ ಬರುವ ಅಮ್ಮನಿಗೆ 58 ವರ್ಷ, ಮಂಡಿ ಆಗಾಗ ನೋಯುತ್ತದೆ. ಭಾನುವಾರ ತಿಂಡಿ ಮುಗಿಸಿ ಬೆಂಗಳೂರು ಬಿಟ್ಟು, ಬೆಟ್ಟದ ತುದಿ ನೋಡಿಕೊಂಡು, ಮಧ್ಯಾಹ್ನದ ಊಟಕ್ಕೆ ಮನೆ ಸೇರಬೇಕು ಅಂತ ಲೆಕ್ಕ. ನಿಮ್ಮ ಭಯಕ್ಕೂ ಅಮ್ಮನ ಮಂಡಿಗೂ ದಾರಿ ಇದೆ. ಆ ಭಾನುವಾರದ ತಿಂಡಿಗೆ ಇಲ್ಲ.

ನಮ್ಮದು ತುಮಕೂರು. ಗಂಗಾಧರೇಶ್ವರ ನಮ್ಮ ಮನೆದೇವರು. ಚಿಕ್ಕಂದಿನಿಂದ ವರ್ಷಕ್ಕೊಂದು ಸಲವಾದರೂ ಆ ಬೆಟ್ಟಕ್ಕೆ ಹೋಗಿದ್ದೇನೆ. ಎತ್ತರ ನನಗೂ ಆಗುವುದಿಲ್ಲ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಹರಡುವಾಗಲೂ ಗೋಡೆಗೆ ಅಂಟಿಕೊಂಡು ನಿಲ್ಲುವ ಗಿರಾಕಿ ನಾನು. ಹಾಗಾಗಿ ಧೈರ್ಯಸ್ಥರು ಕೊಡುವ ಸಲಹೆ ಇದಲ್ಲ, ಹೆದರುಪುಕ್ಕಲ ಕಂಡುಕೊಂಡ ದಾರಿ ಅಂತ ಓದಿಕೊಳ್ಳಿ.

ಮೊದಲು ಬೆಟ್ಟ ಹೇಗಿದೆ ಅಂತ ಹೇಳಿಬಿಡುತ್ತೇನೆ. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆ ತನಕ ಬಂದು ಎಡಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿಗೇ ಬೆಟ್ಟ ಎದುರಿಗೆ ನಿಲ್ಲುತ್ತದೆ. ಬೆಂಗಳೂರಿಂದ ಸುಮಾರು 55 ಕಿಲೋಮೀಟರ್. ಸಮುದ್ರ ಮಟ್ಟದಿಂದ 1300 ಮೀಟರಿಗಿಂತ ಜಾಸ್ತಿ ಎತ್ತರ. ನಡೆಯುವ ದಾರಿ ಮಾತ್ರ ಗಿಡ್ಡ, ಒಂದು ಕಡೆಗೆ ಎರಡು ಕಿಲೋಮೀಟರಿಗಿಂತ ತುಸು ಜಾಸ್ತಿ ಅಷ್ಟೇ. ದಾರಿ ಗಿಡ್ಡ, ಬೆಟ್ಟ ಎತ್ತರ ಅಂದಮೇಲೆ ಮೆಟ್ಟಿಲು ಹೇಗಿರಬಹುದು ನೀವೇ ಊಹಿಸಿ. ನಿಂತು ನಿಂತು ಹತ್ತುವವರಿಗೆ ಮೇಲೆ ಹೋಗುವುದಕ್ಕೇ ಎರಡು ಗಂಟೆ ಬೇಕು.

ನನ್ನ ಲೆಕ್ಕದಲ್ಲಿ ಅದು ಒಂದೇ ಬೆಟ್ಟ ಅಲ್ಲ, ಒಂದರ ಮೇಲೊಂದು ಇಟ್ಟ ಮೂರು ಬೆಟ್ಟ. ಮೊದಲನೆಯದು ಬುಡದಿಂದ ಗವಿಯೊಳಗಿನ ಗಂಗಾಧರೇಶ್ವರ, ಹೊನ್ನಾದೇವಿ ಗುಡಿಗಳ ತನಕ. ಇಲ್ಲಿ ಯಾರಿಗೂ ತೊಂದರೆ ಇಲ್ಲ. ಲಿಂಗಕ್ಕೆ ತುಪ್ಪದ ಅಭಿಷೇಕ ಮಾಡಿದರೆ ಅದು ಬೆಣ್ಣೆಯಾಗುತ್ತದೆ ಅನ್ನುವ ನಂಬಿಕೆ ಈ ಗುಡಿಯದೇ. ಎರಡನೆಯದು ಅಲ್ಲಿಂದ ಒಳಕಲ್ಲು ತೀರ್ಥದ ತನಕ. ಏದುಸಿರು ಬರುತ್ತದೆ, ತೊಡೆ ಉರಿಯುತ್ತದೆ, ಭಯ ಮಾತ್ರ ಆಗುವುದಿಲ್ಲ. ಅಲ್ಲಲ್ಲಿ ಅಂಗಡಿ ಇವೆ. ಮಜ್ಜಿಗೆ, ಉಪ್ಪು ಖಾರ ಹಚ್ಚಿದ ಸೌತೆಕಾಯಿ ಸಿಗುತ್ತದೆ. ಮೂರನೆಯದು ಒಳಕಲ್ಲಿನಿಂದ ತುದಿ. ನೀವು ವಿಡಿಯೋದಲ್ಲಿ ನೋಡಿ ಹೆದರಿರುವುದು ಇದನ್ನೇ.

ಅಲ್ಲಿ ಬೋಳು ಬಂಡೆಯಲ್ಲೇ ಮೆಟ್ಟಿಲು ಕಡಿದಿದ್ದಾರೆ. ಪಕ್ಕದಲ್ಲಿ ಕಬ್ಬಿಣದ ಕಂಬಿ. ಕೆಲವು ಕಡೆ ಮೆಟ್ಟಿಲು ಅಂದರೆ ಅರ್ಧ ಪಾದ ಊರುವಷ್ಟು ಗುಳಿ, ಅಷ್ಟೇ. ಕೈ ಕಾಲು ಎರಡೂ ಬಳಸಿ ಹತ್ತಬೇಕು. ಕಡಿದು ಅನ್ನುವುದು ನಿಜ. ಆದರೆ ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿದ್ದು ಏನಂದರೆ, ಭಯ ಹುಟ್ಟಿಸುವುದು ಆ ಕಡಿದು ಅಲ್ಲ, ಅಲ್ಲಿ ಸೇರುವ ಜನ.

ಹೇಗೆ ಅಂತ ಹೇಳುತ್ತೇನೆ. ಹತ್ತುವವರಿಗೂ ಇಳಿಯುವವರಿಗೂ ಇರುವುದು ಅದೇ ಕಂಬಿ, ಅದೇ ಮೆಟ್ಟಿಲು. ಖಾಲಿ ಇದ್ದಾಗ ನೀವು ನಿಮ್ಮ ಪಾಡಿಗೆ ಮುಂದಿನ ಮೆಟ್ಟಿಲನ್ನಷ್ಟೇ ನೋಡಿಕೊಂಡು ಹೋಗುತ್ತೀರಿ, ಕಣ್ಣು ಬಂಡೆಯ ಮೇಲೇ ಇರುತ್ತದೆ. ಜನ ಇದ್ದಾಗ ಸಾಲು ನಿಲ್ಲುತ್ತದೆ. ನಡು ದಾರಿಯಲ್ಲಿ, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟುಕೊಂಡು, ಐದು ನಿಮಿಷ ಸುಮ್ನೆ ನಿಲ್ಲಬೇಕು. ಮಾಡುವುದಕ್ಕೆ ಏನೂ ಇಲ್ಲದಿದ್ದಾಗ ಕಣ್ಣು ಎಲ್ಲಿಗೆ ಹೋಗುತ್ತದೆ ಹೇಳಿ? ಕೆಳಗೇ ಹೋಗುತ್ತದೆ. ಅಷ್ಟರಲ್ಲಿ ಮೇಲಿನಿಂದ ಯಾರೋ ಅವಸರದಲ್ಲಿ ಇಳಿಯುತ್ತಾ ಬಂದು, ಕಂಬಿ ಬಿಟ್ಟು ಪಕ್ಕಕ್ಕೆ ಸರಿಯಿರಿ ಅನ್ನುತ್ತಾರೆ. ಸೆಲ್ಫಿ ಕೋಲು ಹಿಡಿದವರ ಬಗ್ಗೆ ನಾನೇನೂ ಹೇಳುವುದಿಲ್ಲ.

ಕಾಲೇಜು ಓದುವಾಗ ಒಂದು ರಜೆ ದಿನ ನಾನು ಹೀಗೇ ಸಿಕ್ಕಿಹಾಕಿಕೊಂಡೆ. ಜೊತೆಯವರು ಮುಂದೆ ಹೋಗಿಬಿಟ್ಟಿದ್ದರು. ಸಾಲು ನಿಂತಿತು, ನಾನು ಕೆಳಗೆ ನೋಡಿದೆ, ಮುಗಿಯಿತು. ಕೈ ಕಂಬಿಗೆ ಬೆಸುಗೆ ಹಾಕಿದ ಹಾಗೆ ಆಯಿತು. ಸಾಲು ಹೊರಟರೂ ನಾನು ಹೊರಡಲಿಲ್ಲ. ಹಿಂದಿನವರು ಗೊಣಗುತ್ತಾ ನನ್ನನ್ನು ದಾಟಿಕೊಂಡು ಹೋದರು. ಕೊನೆಗೆ ಒಬ್ಬ ಅಜ್ಜಿ ಬಂದರು. ಬರಿಗಾಲು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ತೋಳಲ್ಲಿ ಹಣ್ಣುಕಾಯಿ ಚೀಲ. ನನ್ನ ಮುಖ ನೋಡಿದವರೇ, "ಕೆಳಗೆ ಯಾಕೆ ನೋಡ್ತೀಯ ಮಗ, ನನ್ನ ಹಿಮ್ಮಡಿ ನೋಡ್ಕೊಂಡು ಬಾ" ಅಂದರು. ಒಡೆದ, ಅರಿಶಿನ ಮೆತ್ತಿದ ಆ ಹಿಮ್ಮಡಿ ನೋಡಿಕೊಂಡೇ ಮೇಲೆ ತಲುಪಿದೆ. ತಿರುಗಿ ನೋಡುವಷ್ಟರಲ್ಲಿ ಅವರು ಗುಂಪಿನಲ್ಲಿ ಎಲ್ಲೋ ಹೋಗಿದ್ದರು.

ಆ ಮಾತೇ ನಾನು ನಿಮಗೂ ಹೇಳುವ ಉಪಾಯ. ಧೈರ್ಯ ಇರುವ ಒಬ್ಬರು ಮುಂದೆ ಹೋಗಲಿ, ನೀವು ಅವರ ಹಿಮ್ಮಡಿ ನೋಡಿ. ಹಿಂದೆ ಇನ್ನೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಎರಡೂ ಕೈ ಖಾಲಿ ಇರಲಿ. ನೀರು, ಮೊಬೈಲು ಎಲ್ಲ ಬೆನ್ನಿನ ಬ್ಯಾಗಿನಲ್ಲಿ. ಕೈಯಲ್ಲಿ ಕವರ್ ಹಿಡಿದರೆ ಕೋತಿಗಳು ಬಿಡುವುದಿಲ್ಲ, ಕಡಿದಾದ ಜಾಗದಲ್ಲಿ ಕೋತಿ ಕವರ್ ಎಳೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಮತ್ತೆ, ಎದುರಿಗೆ ಯಾರು ಬಂದರೂ ಕಂಬಿ ನೀವು ಬಿಡಬೇಡಿ. "ನನಗೆ ಭಯ, ನೀವೇ ಸ್ವಲ್ಪ ದಾಟಿಕೊಳ್ಳಿ" ಅಂತ ಬಾಯಿಬಿಟ್ಟು ಹೇಳಿ. ನಾಚಿಕೆ ಬೇಡ. ನಾನು ಪ್ರತಿ ಸಲ ಹೇಳುತ್ತೇನೆ, ಇಲ್ಲಿಯವರೆಗೆ ಒಬ್ಬರೂ ನಕ್ಕಿಲ್ಲ.

ಈಗ ದಿನದ ವಿಷಯ. ವಾರದ ಮಧ್ಯೆ ಒಂದು ರಜೆ ಹಾಕಿ. ಮಂಗಳವಾರ, ಬುಧವಾರ ಆದರೆ ಒಳ್ಳೆಯದು. ಸೋಮವಾರ ಶಿವನ ವಾರ, ಅದೂ ಕಾರ್ತಿಕ ಮಾಸವಾದರೆ ಜನ ಜಾಸ್ತಿ. ಶಿವರಾತ್ರಿ, ಸಂಕ್ರಾಂತಿ ಹತ್ತಿರದ ದಿನಗಳನ್ನು ಪೂರ್ತಿ ಬಿಟ್ಟುಬಿಡಿ. ಮಕರ ಸಂಕ್ರಾಂತಿಗೆ ಬೆಟ್ಟದ ತುದಿಯ ತೀರ್ಥಕಂಬದ ಬಳಿ ಗಂಗೆ ಉದ್ಭವಿಸುತ್ತಾಳೆ ಅಂತ ನಂಬಿಕೆ, ಗಿರಿಜಾ ಕಲ್ಯಾಣವೂ ಆಗಲೇ. ನೋಡಲೇಬೇಕಾದ ಹಬ್ಬ, ಆದರೆ ಕೆಳಗೆ ನಿಂತು. ಬೆಳಗ್ಗೆ ಏಳರೊಳಗೆ ಬುಡದಲ್ಲಿರಿ. ತಿಂಡಿ ಇಳಿದ ಮೇಲೆ.

ನವೆಂಬರಿನಿಂದ ಫೆಬ್ರವರಿ ಚೆನ್ನ. ಮಾರ್ಚ್ ದಾಟಿದರೆ ಹತ್ತು ಗಂಟೆಗೇ ಬಂಡೆ ಕಾವಲಿ ಆಗುತ್ತದೆ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಮಳೆ ಇದ್ದಕ್ಕಿದ್ದ ಹಾಗೆ ಬರುತ್ತದೆ. ಬೋಳು ಬಂಡೆ, ಉದ್ದಕ್ಕೂ ಕಬ್ಬಿಣದ ಕಂಬಿ, ಮೇಲೆ ಸಿಡಿಲು. ಮೋಡ ಕಪ್ಪಾದರೆ ಎಲ್ಲಿದ್ದೀರೋ ಅಲ್ಲಿಂದಲೇ ವಾಪಸ್. ಮಳೆಗಾಲದಲ್ಲಿ ಸಿಡಿಲು ಇಲ್ಲದಿದ್ದರೂ ಜನರ ಕಾಲು ತಿಕ್ಕಿ ತಿಕ್ಕಿ ನುಣುಪಾದ ಮೆಟ್ಟಿಲ ಮೇಲೆ ನೀರು ಬಿದ್ದರೆ ಅದು ಮೆಟ್ಟಿಲಲ್ಲ, ಜಾರುಬಂಡೆ. ಹಿಡಿತ ಇರುವ ಶೂ ಹಾಕಿ. ನಮ್ಮ ಕಡೆಯವರು ಬರಿಗಾಲಲ್ಲಿ ಹತ್ತುತ್ತಾರೆ, ಬೆಳಗಿನ ಹೊತ್ತು ನಿಜಕ್ಕೂ ಅದರಷ್ಟು ಹಿಡಿತ ಬೇರೆ ಯಾವುದಕ್ಕೂ ಇಲ್ಲ. ಹೊಸ ಚಪ್ಪಲಿ ಮಾತ್ರ ಬೇಡವೇ ಬೇಡ.

ಅಮ್ಮನ ವಿಷಯಕ್ಕೆ ಬರೋಣ. ಅವರನ್ನು ಒಳಕಲ್ಲು ತೀರ್ಥದ ತನಕ ಕರೆದುಕೊಂಡು ಹೋಗಿ, ಅಲ್ಲಿಗೆ ಸಾಕು. ನಮ್ಮ ಕಡೆ ಒಳಕಲ್ಲು ಅಂದರೆ ಒರಳುಕಲ್ಲು. ಬಂಡೆಯಲ್ಲಿ ಒರಳಿನ ಹಾಗೆ ಒಂದು ತೂತು, ಒಳಗೆ ಆಳದಲ್ಲಿ ನೀರು. ಮಲಗಿ ಕೈ ಇಳಿಬಿಡಬೇಕು. ಪುಣ್ಯ ಮಾಡಿದವರ ಕೈಗೆ ಮಾತ್ರ ನೀರು ಸಿಗುತ್ತದೆ ಅಂತಾರೆ. ನನ್ನ ತಮ್ಮನ ಕೈ ನನಗಿಂತ ಉದ್ದ, ಅವನಿಗೆ ಪ್ರತಿ ವರ್ಷ ಪುಣ್ಯ ಸಿಗುತ್ತದೆ. ನಮ್ಮ ಅಜ್ಜಿ ಜೀವಮಾನದಲ್ಲಿ ಒಮ್ಮೆಯೂ ಒಳಕಲ್ಲಿನಿಂದ ಮೇಲೆ ಹೋದವರಲ್ಲ. ಮೇಲಿನ ಬಸವಣ್ಣನನ್ನು ನೋಡಬೇಕು ಅನ್ನಿಸುವುದಿಲ್ಲವಾ ಅಂದರೆ, "ಅವನಿಗೇ ನಾನು ಕಾಣ್ತೀನಲ್ಲ" ಅನ್ನುತ್ತಿದ್ದರು. ಮಂಡಿ ನೋವಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಮೈ ಭಾರವೆಲ್ಲ ಮಂಡಿ ಮೇಲೆ ಬೀಳುತ್ತದೆ. ಒಂದು ಕೋಲು ಕೊಡಿ. ಮೂರನೇ ಬೆಟ್ಟದ ಆಸೆ ತೋರಿಸಬೇಡಿ.

ನೀವು ಮೇಲೆ ಹೋದರೆ ಏನು ಸಿಗುತ್ತದೆ? ಮೊದಲು ಕೋಡುಗಲ್ಲು ಬಸವಣ್ಣ. ಚೂಪಾದ ಬಂಡೆಯ ನೆತ್ತಿಯಲ್ಲಿ ಕೂತ ಬಸವ. ಅವನ ಸುತ್ತ ಪ್ರದಕ್ಷಿಣೆ ಬರಲು ಇಕ್ಕಟ್ಟಾದ ಜಾಗ ಇದೆ, ಕಂಬಿ ಹಿಡಿದು ಸುತ್ತುತ್ತಾರೆ. ನಾನು ಇವತ್ತಿಗೂ ಸುತ್ತಿಲ್ಲ. ಕೆಳಗಿನಿಂದಲೇ ಕೈ ಮುಗಿಯುತ್ತೇನೆ. ನೀವೂ ಅಷ್ಟೇ ಮಾಡಿ. ಅದನ್ನು ಬಿಟ್ಟರೆ ತುದಿ ಕೈತಪ್ಪುವುದಿಲ್ಲ.

ತುದಿಯಲ್ಲಿ ವಿಶಾಲವಾದ ಬಂಡೆ. ಅಂಚಿನಿಂದ ದೂರ, ನಡುವೆ ಕೂತರೆ ನನ್ನಂಥವನಿಗೂ ತಲೆ ಸುತ್ತುವುದಿಲ್ಲ. ಹೆದ್ದಾರಿ ಕಡೆ ನಿಜಗಲ್ ದುರ್ಗ, ಅದರಾಚೆ ದೇವರಾಯನದುರ್ಗದ ಸಾಲು. ಗಾಳಿ ತಿಳಿಯಾಗಿರುವ ದಿನ ದಕ್ಷಿಣಕ್ಕೆ ಸಾವನದುರ್ಗದ ಬೋಳು ಬಂಡೆ. ನಡುವೆ ಕೆರೆ, ಹೊಲ, ತೆಂಗಿನ ತೋಟ. ಕುಮುದ್ವತಿ ಹೊಳೆ ಹುಟ್ಟುವುದು ಈ ಬೆಟ್ಟದಲ್ಲೇ. ಅದು ಹರಿದು ಹೋಗಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಆ ಕೂಡುವ ಜಾಗದಲ್ಲಿ ಕಟ್ಟಿದ ಜಲಾಶಯದಿಂದಲೇ ಒಂದು ಕಾಲದಲ್ಲಿ ಬೆಂಗಳೂರು ನೀರು ಕುಡಿದದ್ದು. ಹೊಳೆ ಈಗ ಹೆಚ್ಚಿನ ದಿನ ಒಣಗಿಯೇ ಇರುತ್ತದೆ. ಆದರೂ ಮೇಲೆ ಕೂತು ಅದು ಯಾವ ತಗ್ಗಿನಲ್ಲಿ ಹರಿದಿರಬಹುದು ಅಂತ ಹುಡುಕುವುದು ನನಗೊಂದು ಹುಚ್ಚು.

ತುದಿಯ ಒಂದು ಅಂಚಿಗೆ ಶಾಂತಲಾ ಡ್ರಾಪ್ ಅಂತ ಹೆಸರು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಅಲ್ಲಿಂದ ಹಾರಿದಳು ಅಂತ ಎಲ್ಲರೂ ಕಥೆ ಹೇಳುತ್ತಾರೆ. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅನ್ನುವುದು ಶ್ರವಣಬೆಳಗೊಳದ ಶಾಸನದಲ್ಲಿದೆ. ಹಾರಿದ ಮಾತು ಜನ ಸೇರಿಸಿದ್ದು. ಅವಳು ಜೈನಳು, ವ್ರತ ಹಿಡಿದು ದೇಹ ಬಿಟ್ಟಿರಬೇಕು ಅಂತ ವಾದಿಸುವವರೂ ಇದ್ದಾರೆ, ನನಗೂ ಅದೇ ಸರಿ ಅನ್ನಿಸುತ್ತದೆ. ಏನೇ ಇರಲಿ, ಆ ಅಂಚಿಗೆ ನೀವು ಹೋಗುವ ಅಗತ್ಯವೇ ಇಲ್ಲ. ಕಥೆ ದೂರದಿಂದ ಕೇಳಿದರೂ ಅಷ್ಟೇ ಚೆನ್ನಾಗಿರುತ್ತದೆ.

ಇಳಿಯುವಾಗ ಒಂದು ಕೆಲಸ ಮಾಡಿ. ತೀರಾ ಕಡಿದಾದ ಕಡೆ ಮುಖ ಬಂಡೆಗೆ, ಬೆನ್ನು ಬಯಲಿಗೆ ಮಾಡಿ, ಏಣಿ ಇಳಿಯುವ ಹಾಗೆ ಹಿಮ್ಮುಖವಾಗಿ ಇಳಿಯಿರಿ. ನೋಡುವವರಿಗೆ ತಮಾಷೆಯಾಗಿ ಕಾಣಬಹುದು. ಆದರೆ ಕಣ್ಣ ಮುಂದೆ ಬರೀ ಕಲ್ಲು ಇರುತ್ತದೆ, ಆಳ ಕಾಣುವುದಿಲ್ಲ. ಕೂತು ಜಾರಿಕೊಂಡು ಇಳಿಯುವವರೂ ಇದ್ದಾರೆ, ಅದರಲ್ಲೂ ತಪ್ಪಿಲ್ಲ, ಹಳೇ ಪ್ಯಾಂಟ್ ಹಾಕಿದ್ದರೆ ಸರಿ.

ಬೆಳಗ್ಗೆ ಏಳಕ್ಕೆ ಶುರು ಮಾಡಿದರೆ ಹನ್ನೊಂದೂವರೆ ಹೊತ್ತಿಗೆ ಕೆಳಗಿರುತ್ತೀರಿ. ಹಸಿವು ತಡೆಯುವಂತಿದ್ದರೆ ಬೆಂಗಳೂರು ಕಡೆ ತಿರುಗಬೇಡಿ, ತುಮಕೂರು ಕಡೆ ಇನ್ನೊಂದಿಷ್ಟು ದೂರ ಹೋಗಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಇರುತ್ತದೆ. ಅಷ್ಟು ಹೊತ್ತಿಗೆ ಖಾಲಿ ಆಗಿರಲೂಬಹುದು. ಅಮ್ಮನಿಗೆ ಮೊದಲೇ ಮಾತು ಕೊಡಬೇಡಿ.