ಬ್ಯಾಚ್ ಫೈಲಿನ ಪ್ರಶ್ನೆ ಸಾಲಿನಾಗ &, %, ! ಸರಿಯಾಗಿ ಬರಸೂದು ಹೆಂಗ?

ನಿಮ್ಮ ಪ್ರಶ್ನೆ ಇದು: ಬ್ಯಾಡಗಿ ಮೆಣಸಿನಕಾಯಿ ಲೆಕ್ಕದ ಸ್ಕ್ರಿಪ್ಟಿನಾಗ (ವಿಂಡೋಸ್ ಒಂದೊಂದ ಸಾಲಾಗಿ ನಡಸೋ ಕಮಾಂಡ್‌ಗಳ ಬ್ಯಾಚ್ ಫೈಲಿನಾಗ) «ಕಡ್ಡಿ & ಡಬ್ಬಿ, ಯಾವುದು?» ಅಂತ ಕೇಳಸಬೇಕು. ಪರದೆ ಮ್ಯಾಲೆ ಬರೇ «ಕಡ್ಡಿ» ಕಾಣ್ತದ, ಎಂಟರ್ ಹೊಡೆದ ಮ್ಯಾಲೆ «ಡಬ್ಬಿ» ಅನ್ನೋ ಕಮಾಂಡ್ ಇಲ್ಲ ಅಂತ ಎರರ್ ಬರ್ತದ. (ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಅಕ್ಷರದಾಗ ಬರದೀನಿ, ಫೈಲಿನಾಗ ಇಂಗ್ಲಿಷಿನಾಗ ಹಾಕ್ರಿ.)

& ಅಂದ್ರ ಸಿಎಂಡಿಗೆ (ಬ್ಯಾಚ್ ಫೈಲ್ ನಡಸೋ ವಿಂಡೋಸಿನ ಪ್ರೋಗ್ರಾಮ್) «ಈ ಕಮಾಂಡ್ ಮುಗೀತು, ಮುಂದಿಂದು ನಡಸು» ಅಂತ ಅರ್ಥ. ಹಂಗಾಗಿ ಡಬ್ಬಿ ಕಮಾಂಡ್ ಆತು. ಇಡೀ ಮಾತನ್ನ ಕೊಟೇಶನ್ನಿನಾಗ ಕಟ್ರಿ:

ಸೆಟ್ /ಪಿ "ತಳಿ=ಕಡ್ಡಿ & ಡಬ್ಬಿ, ಯಾವುದು? "

ಸೆಟ್ /ಪಿ ಪ್ರಶ್ನೆ ಕೇಳಿ, ಟೈಪ್ ಮಾಡಿದ ಉತ್ತರವನ್ನ ವೇರಿಯೇಬಲ್ಲಿನಾಗ (ಇಲ್ಲಿ «ತಳಿ») ಇಡ್ತದ; ಒಳಗ ಇರೋ ಮಾತಿಗೆ ಬೆಲೆ ಅಂತೀವಿ. ಮೊದಲ ಕೊಟೇಶನ್ ವೇರಿಯೇಬಲ್ ಹೆಸರಿನ ಮುಂಚೇನ ಬರಬೇಕು. ಪ್ರಶ್ನೆಗಷ್ಟ ಹಾಕಿದ್ರೂ /ಪಿ ಇದ್ದಾಗ ನಡೀತದ, ಆದ್ರ ಬರೇ ಸೆಟ್ ಇದ್ದಲ್ಲಿ ಆ ಕೊಟೇಶನ್ ಬೆಲೆಯೊಳಗ ಸೇರಿಬಿಡ್ತದ. ಒಂದ ರೂಢಿ ಇಟ್ಟುಕೊಳ್ಳೋದು ಚಲೋ. ಇಷ್ಟು ಮಾಡಿದ್ರ |, <, > ಚಿಂತಿ ಇಲ್ಲ. ಇಫ್ ಬ್ಲಾಕಿನೊಳಗ (ಶರತ್ತಿನ ಮುಂದ ಕಂಸದಾಗ ಕಟ್ಟಿದ ಸಾಲುಗಳೊಳಗ) ಪ್ರಶ್ನೆಯ ) ಬ್ಲಾಕನ್ನ ಅರ್ಧಕ್ಕ ಮುಚ್ಚೂದೂ ನಿಲ್ತದ. ^& ಅಂತ ಬರದ್ರೂ ಆಗ್ತದ, ಆದ್ರ ಟೊಪ್ಪಿಗಿ (^) ಎಣಿಸೋ ಆ ಕೆಲಸ ನನಗಂತೂ ಬ್ಯಾಡ.

% ಮಾತ್ರ ಕೊಟೇಶನ್ನಿಗೂ ಬಗ್ಗೂದಿಲ್ಲ. «ದಲಾಲಿ 2% ಹಿಡೀಲೇನು?» ಅಂತ ಬರದ್ರ % ಮಾಯ ಆಗ್ತದ. ಎರಡು ಕಡೆ % ಇದ್ರ ನಡುವಿನ ಮಾತು ವೇರಿಯೇಬಲ್ ಅಂತ ತಿಳದು ಅದೂ ಹೋಗ್ತದ. ಫೈಲಿನಾಗ 2%% ಅಂತ ಜೋಡಿ ಹಾಕ್ರಿ. ನೇರ ಕಮಾಂಡ್ ವಿಂಡೋದಾಗ ಪರೀಕ್ಷೆ ಮಾಡೋವಾಗ ಒಂದ ಸಾಕು. ಅಲ್ಲಿ ಸರಿ ಬಂದದ್ದು ಫೈಲಿನಾಗ ಕೆಡೂದು ಇದರಿಂದನ.

ಡಿಲೇಡ್ ಎಕ್ಸ್‌ಪ್ಯಾನ್ಶನ್ (ಸಾಲು ಓದಿದ ಮ್ಯಾಲೆ !ಹೆಸರು! ಇದ್ದಲ್ಲಿ ಬೆಲೆ ತುಂಬೋ ಸೌಲತ್ತು) ಚಾಲೂ ಇದ್ರ ! ಹಾರಿ ಹೋಗ್ತದ. ಕೊಟೇಶನ್ ಒಳಗ ^!, ಹೊರಗ ^^! ಅಂತ ಬರೀರಿ.

ಪ್ರಶ್ನೆಯ ಮೊದಲಿಗೆ = ಇಡಬ್ಯಾಡ್ರಿ, ಸಿಂಟ್ಯಾಕ್ಸ್ ತಪ್ಪು ಅಂತದ. ವಿಂಡೋಸ್ ವಿಸ್ಟಾದಿಂದೀಚೆ ಮೊದಲಿನ ಖಾಲಿ ಜಾಗಾನೂ ಕತ್ತರಿಸಿ ಹಾಕ್ತದ, ಸಾಲು ಒಳಗ ಸರಿಸಬೇಕಂದ್ರ ಚುಕ್ಕಿನೋ ಗೀಟೋ ಮುಂದ ಇಡ್ರಿ.

ಖರೇ ಅಪಾಯ ಇರೋದು ಉತ್ತರದಾಗ. ಅಂಗಡಿ ಹೆಸರು ಕೇಳಿದ್ರ ಹುಬ್ಬಳ್ಳಿ ಮಾರ್ಕೆಟ್ಟಿನಾಗ «& ಸನ್ಸ್» ಬಂದ ಬರ್ತದ. ಅದನ್ನ ಎಕೋ %ಅಂಗಡಿ% ಅಂತ ತೋರಿಸಿದ್ರ & ಮತ್ತ ಕಮಾಂಡ್ ಆಗ್ತದ; ಯಾರರೆ & ಮುಂದ ಅಳಿಸೋ ಕಮಾಂಡ್ ಬರದ್ರ ಅದೂ ನಡೀತದ. ಸೆಟ್‌ಲೋಕಲ್ ಎನೇಬಲ್‌ಡಿಲೇಡ್‌ಎಕ್ಸ್‌ಪ್ಯಾನ್ಶನ್ ಹಾಕಿ, !ಅಂಗಡಿ! ಅಂತ ಬಳಸ್ರಿ. ಸಾಲು ಓದಿ ಮುಗಿದ ಮ್ಯಾಲೆ ಬೆಲೆ ತುಂಬೂದರಿಂದ ಒಳಗಿನ & ಆಗಲಿ ಕೊಟೇಶನ್ ಆಗಲಿ ಬರೇ ಅಕ್ಷರ ಆಗಿ ಉಳೀತಾವ. ಇಫ್ ಹೋಲಿಕೆಯಾಗೂ ಇದನ್ನ ಬಳಸ್ರಿ, ಇಲ್ಲಂದ್ರ ಉತ್ತರದಾಗ ಒಂದು " ಬಂದ್ರ ಸ್ಕ್ರಿಪ್ಟ್ ಅಲ್ಲೇ ನಿಲ್ತದ.

ಬರೇ ಎಂಟರ್ ಒತ್ತಿದ್ರ ಹಳೇ ಬೆಲೆ ಹಂಗ ಉಳೀತದ, ಖಾಲಿ ಆಗೂದಿಲ್ಲ. ಕೇಳೋ ಮುಂಚೆ ಸೆಟ್ "ಅಂಗಡಿ=" ಅಂತ ಒರಸ್ರಿ. ಹೌದು-ಇಲ್ಲ ಅಷ್ಟ ಕೇಳೋದಿದ್ರ ಚಾಯ್ಸ್ ಕಮಾಂಡ್ ಸಾಕು. ಅದು ಕೊಟ್ಟ ಅಕ್ಷರ ಬಿಟ್ಟು ಬ್ಯಾರೆ ಏನನ್ನೂ ತಗೊಳ್ಳೂದಿಲ್ಲ. ಉತ್ತರ ಎರರ್‌ಲೆವೆಲ್ಲಿನಾಗ (ಕಮಾಂಡ್ ಮುಗಿದಾಗ ಬಿಡೋ ಅಂಕಿಯಾಗ) 1, 2 ಅಂತ ಬರ್ತದ. «ಇಫ್ ಎರರ್‌ಲೆವೆಲ್ 1» ಅಂದ್ರ 1 ಅಥವಾ ಅದಕ್ಕಿಂತ ಹೆಚ್ಚು ಅಂತ, ಹಂಗಾಗಿ 2 ಮೊದಲು ನೋಡ್ರಿ.

ಪ್ರಶ್ನೆಯಾಗ ₹ ಅಥವಾ ಕನ್ನಡ ಬೇಕಂದ್ರ ಮೊದಲ ಸಿಎಚ್‌ಸಿಪಿ 65001 (ವಿಂಡೋದ ಅಕ್ಷರ ಪದ್ಧತಿ ಯುಟಿಎಫ್-8ಕ್ಕ ಬದಲಿಸೋ ಕಮಾಂಡ್) ಹಾಕಿ, ಫೈಲನ್ನ ಬಿಓಎಂ (ಫೈಲಿನ ಮೊದಲಿಗೆ ಕಾಣದಂಗ ಕೂಡೋ ಗುರುತು) ಇಲ್ಲದ ಯುಟಿಎಫ್-8 ಆಗಿ ಉಳಸ್ರಿ. ಬಿಓಎಂ ಇದ್ರ ಮೊದಲ ಸಾಲಿನ ಎಕೋ ಆಫ್ (ಕಮಾಂಡ್ ಸಾಲುಗಳನ್ನ ಪರದೆ ಮ್ಯಾಲೆ ತೋರಿಸಬ್ಯಾಡ ಅನ್ನೋದು) ಮುಂದ ಚಿತ್ರವಿಚಿತ್ರ ಅಕ್ಷರ ಬಂದು ಅದ ಕೆಲಸ ಮಾಡೂದಿಲ್ಲ. ಹಳೇ ಕಪ್ಪು ವಿಂಡೋದಾಗ ಒತ್ತಕ್ಷರ ಕೂಡೂದಿಲ್ಲ, «ಡಬ್ಬಿ» ಬಿಡಿಬಿಡಿಯಾಗಿ ಕಾಣ್ತದ. ಅಲ್ಲಿ ಇಂಗ್ಲಿಷ್ ಅಕ್ಷರದಾಗ ಕೇಳೂದ ಪಾಡ.