ಓದುಗರ ಪ್ರಶ್ನೆ: ಬೀದರಿನ ನಾನಕ್ ಝೀರಾಕ್ಕೆ ನಾವೂ ಹೋಗ್ಬಹುದಾ?

ಪ್ರಶ್ನೆ: ನಮ್ಮ ಪಕ್ಕದ್ಮನೆ ಸರ್ದಾರ್ಜಿ ಕುಟುಂಬದವ್ರು ಬೀದರ್ ಗುರುದ್ವಾರಕ್ಕೆ ಹೋದಾಗೆಲ್ಲ ಕ್ಯಾನಲ್ಲಿ ನೀರು ತರ್ತಾರೆ, ನಮ್ಗೂ ಒಂದು ಲೋಟ ಕೊಡ್ತಾರೆ. ಈ ದಸರಾ ರಜೇಲಿ ಅಮ್ಮನ್ನ, ಮಕ್ಳನ್ನ ಕರ್ಕೊಂಡು ಹೋಗೋಣ ಅಂತಿದೀವಿ. ಪಂಜಾಬ್ ಎಲ್ಲಿ, ಬೀದರ್ ಎಲ್ಲಿ, ಅಲ್ಲಿ ಏನು ವಿಶೇಷ? ಸಿಖ್ಖರಲ್ಲದವ್ರನ್ನ ಒಳಗೆ ಬಿಡ್ತಾರಾ? ಅಮ್ಮಂಗೆ ಮಂಡಿ ನೋವು, ಕೆಳಗೆ ಕೂರಕ್ಕಾಗಲ್ಲ. (ರಾಜಾಜಿನಗರದ ಓದುಗರು)

ಉತ್ತರ: ಧಾರಾಳವಾಗಿ ಹೋಗಿ. ಯಾವ ಜಾತಿ, ಯಾವ ಧರ್ಮ ಅಂತ ಬಾಗಿಲಲ್ಲಿ ಯಾರೂ ಕೇಳಲ್ಲ. ಅಮ್ಮನ ಬಗ್ಗೆ ಯೋಚ್ನೆ ಬೇಡ, ವಯಸ್ಸಾದವ್ರಿಗೆ ಅಂತ ಗೋಡೆ ಪಕ್ಕ ಕುರ್ಚಿನೋ ಬೆಂಚೋ ಸಾಮಾನ್ಯವಾಗಿ ಇರುತ್ತೆ, ಕಾಣ್ಲಿಲ್ಲ ಅಂದ್ರೆ ಅಲ್ಲಿನ ಸೇವಾದಾರರಿಗೆ ಒಂದು ಮಾತು ಹೇಳಿ.

ಈಗ ಆ ನೀರಿನ ವಿಷಯ. ಗುರು ನಾನಕರು ಹುಟ್ಟಿದ್ದು 1469ರಲ್ಲಿ, ಈಗ ಪಾಕಿಸ್ತಾನದಲ್ಲಿರೋ ತಲವಂಡೀಲಿ. ರಬಾಬ್ ನುಡಿಸೋ ಮರ್ದಾನಾನ ಜೊತೆ ಅವ್ರು ಊರೂರು ಸುತ್ತಿದ ಯಾತ್ರೆಗಳಿಗೆ ಉದಾಸಿ ಅಂತಾರೆ. ಹಂಗೆ ದಕ್ಷಿಣಕ್ಕೆ ಬಂದಾಗ, 16ನೇ ಶತಮಾನದ ಶುರುವಲ್ಲಿ, ಬೀದರ್ ಹೊರಗೆ ಫಕೀರರು ಇದ್ದ ಜಾಗದಲ್ಲಿ ಉಳ್ಕೊಂಡ್ರಂತೆ. ಆಗ ಅಲ್ಲಿ ಕುಡಿಯೋ ನೀರಿಗೆ ಬಹಳ ಕಷ್ಟ, ಬಾವಿ ತೋಡಿದ್ರೂ ಸಿಗ್ತಿರ್ಲಿಲ್ಲ, ಸಿಕ್ಕಿದ್ರೂ ಬಾಯಿಗಿಡೋ ಹಂಗಿರ್ಲಿಲ್ಲ, ಜನ ಬಂದು ಗುರುಗಳ ಹತ್ರ ಅದನ್ನೇ ಹೇಳ್ಕೊಂಡಾಗ ಅವ್ರು ದೇವರ ಹೆಸರು ಹೇಳಿ ಪಾದುಕೇಲಿ ಒಂದು ಕಲ್ಲು ಸರಿಸಿದ್ರು, ಅಲ್ಲಿಂದ ಸಿಹಿನೀರು ಚಿಮ್ಮಿತು ಅನ್ನೋದು ಭಕ್ತರ ನಂಬಿಕೆ. ಝೀರಾ ಅಂದ್ರೆ ಒರತೆ, ಆ ಒರತೆ ಇವತ್ತಿಗೂ ಹರೀತಿದೆ, ಅದ್ರ ನೀರು ಅಮೃತ ಕುಂಡಕ್ಕೆ ಬರುತ್ತೆ, ನಿಮ್ಮ ಪಕ್ಕದ್ಮನೆಯವ್ರು ತರೋದು ಅದೇ ನೀರು. ಈಗಿನ ಗುರುದ್ವಾರದ ಕಟ್ಟಡ 1948ರದ್ದು. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆನೀರನ್ನ ಒಳಗೆ ಇಳಿಸ್ಕೊಂಡು ತಗ್ಗಲ್ಲಿ ಬಿಡುತ್ತೆ, ಬಹಮನಿ ಕಾಲದ ಸುರಂಗ ಬಾವಿಗಳೂ ಇದನ್ನೇ ನಂಬ್ಕೊಂಡು ಕಟ್ಟಿದ್ದು ಅಂತ ತಿಳಿದವ್ರು ಹೇಳ್ತಾರೆ. ಎರಡನ್ನೂ ಮಕ್ಕಳಿಗೆ ಹೇಳಿ. ಕಲ್ಲಿನ ಗುಣ ತಿಳ್ಕೊಂಡ್ರೆ ಭಕ್ತಿ ಏನೂ ಕಮ್ಮಿ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಪಂಜಾಬ್ ಎಲ್ಲಿ ಬೀದರ್ ಎಲ್ಲಿ ಅಂದ್ರಲ್ಲ, ಇದನ್ನ ನಮ್ಮ ಕನ್ನಡದವ್ರಿಗೆ ಕೂಗಿ ಹೇಳ್ಬೇಕು ಅನ್ಸುತ್ತೆ. 1699ರ ಬೈಸಾಖಿ ದಿನ ಪಂಜಾಬಿನ ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋವಿಂದ ಸಿಂಗರು ಕತ್ತಿ ಹಿರಿದು, ತಲೆ ಕೊಡೋರು ಯಾರಿದೀರಿ ಅಂತ ಕೇಳಿದಾಗ ಒಬ್ಬೊಬ್ಬರಾಗಿ ಐದು ಜನ ಎದ್ದು ಬಂದ್ರು, ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕಾ ಕಡೆಯವ್ರು ನಾಲ್ಕು ಜನ, ಇನ್ನೊಬ್ರು ನಮ್ಮ ಬೀದರಿನ ಸಾಹಿಬ್ ಚಂದ್! ಕ್ಷೌರಿಕರ ಮನೆತನದವ್ರು. ಆ ಐವರೇ ಪಂಜ್ ಪ್ಯಾರೆ, ಅಂದ್ರೆ ಐದು ಜನ ಪ್ರೀತಿಪಾತ್ರರು. ದೀಕ್ಷೆ ತಗೊಂಡ ಸಿಖ್ಖರ ಪಂಥವಾದ ಖಾಲ್ಸಾ ಶುರುವಾಗಿದ್ದೇ ಅವ್ರಿಂದ. ದೀಕ್ಷೆಯ ಅಮೃತ ತಗೊಂಡ ಮೇಲೆ ಸಾಹಿಬ್ ಚಂದ್ ಭಾಯಿ ಸಾಹಿಬ್ ಸಿಂಗ್ ಆದ್ರು, ಮುಂದೆ ಚಮಕೌರ್ ಯುದ್ಧದಲ್ಲಿ ಪ್ರಾಣ ಕೊಟ್ರು. ಸಿಖ್ಖರು ದಿನಾ ಮಾಡೋ ಅರ್ದಾಸ್ ಪ್ರಾರ್ಥನೇಲಿ ಪಂಜ್ ಪ್ಯಾರೆಯರನ್ನ ನೆನೀತಾರೆ, ಅಂದ್ರೆ ಅಮೃತಸರದಲ್ಲಿರ್ಲಿ ಲಂಡನ್ನಲ್ಲಿರ್ಲಿ ದಿನಾ ಬೀದರಿನ ಒಬ್ಬ ಮಗನ ನೆನಪಾಗುತ್ತೆ, ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು ಹೇಳಿ. ಟೈಮ್ ಇದ್ರೆ ಹತ್ರದ ಜನವಾಡಕ್ಕೂ ಹೋಗ್ಬನ್ನಿ. 1705ರ ಮುಕ್ತಸರ್ ಯುದ್ಧದಲ್ಲಿ ಮುಂದೆ ನಿಂತು ಹೋರಾಡಿದ ವೀರ ಮಹಿಳೆ ಮಾಯಿ ಭಾಗೋ, 1708ರಲ್ಲಿ ನಾಂದೇಡದಲ್ಲಿ ಗುರು ಗೋವಿಂದ ಸಿಂಗರು ತೀರ್ಕೊಂಡ ಮೇಲೆ ಕೊನೇವರೆಗೂ ಇದ್ದದ್ದು ಅಲ್ಲಿ. ನಿಮ್ಮ ಮನೇಲಿ ಹೆಣ್ಮಕ್ಕಳಿದ್ರೆ ಈ ಕಥೆ ಖಂಡಿತ ಹೇಳಿ.

ಒಳಗೆ ಹೋಗುವಾಗ ಗಂಡಸ್ರು ಹೆಂಗಸ್ರು ಮಕ್ಳು ಎಲ್ರೂ ತಲೆ ಮುಚ್ಕೋಬೇಕು, ಕರ್ಚೀಫ್ ಆದ್ರೂ ಸಾಕು. ಚಪ್ಪಲಿ ಬಿಟ್ಟು ಕಾಲು ತೊಳ್ಕೊಳ್ಳಿ. ಬೀಡಿ, ಸಿಗರೇಟು, ಗುಟ್ಕಾ ಜೇಬಲ್ಲೂ ಇರ್ಬಾರ್ದು. ಕಡಾ ಪ್ರಸಾದನ ಎರಡೂ ಕೈ ಜೋಡಿಸಿ ಕೂತೇ ತಗೊಳ್ಳಿ, ಗೋಧಿ ಹಿಟ್ಟು ತುಪ್ಪ ಸಕ್ಕರೆ ಸಮಸಮ ಹಾಕಿ ಮಾಡಿರ್ತಾರೆ. ಆಮೇಲೆ ಲಂಗರ್‌ನಲ್ಲಿ, ಅಂದ್ರೆ ಎಲ್ರಿಗೂ ಪುಕ್ಕಟೆ ಊಟ ಹಾಕೋ ಗುರುದ್ವಾರದ ಅಡುಗೆಮನೇಲಿ, ಊಟ ಮಾಡ್ದೆ ಮಾತ್ರ ಬರ್ಬೇಡಿ, ಫೋಟೋ ತೆಗ್ದು ಹಂಗೇ ಹೊರಟುಬಿಟ್ರೆ ಮುಖ್ಯವಾದದ್ದೇ ಬಿಟ್ಟಂಗೆ, ಯಾಕಂದ್ರೆ ಯಾರ ಪಕ್ಕ ಯಾರು ಬೇಕಾದ್ರೂ ಒಂದೇ ಸಾಲಲ್ಲಿ ಕೂತು ಉಣ್ಣೋದೇ ಗುರುಗಳು ಹೇಳ್ಕೊಟ್ಟ ಧರ್ಮ. ದುಡಿದು ತಿನ್ನು, ಹಂಚಿ ತಿನ್ನು, ನಾಮ ಸ್ಮರಣೆ ಮಾಡು ಅಂತ ನಾನಕರು ಹೇಳಿದ್ದು. ಅದೇ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಶರಣರು ಕಾಯಕ, ದಾಸೋಹ ಅಂದಿದ್ರು, ಹಂಗಾಗಿ ನಿಮ್ಮ ಅಮ್ಮಂಗೆ ಅಲ್ಲಿ ಯಾವ್ದೂ ಹೊಸದು ಅನ್ಸಲ್ಲ.

ಪ್ರಶ್ನೆ: ಗುರುದ್ವಾರದಲ್ಲಿ ವಿಗ್ರಹ ಇರಲ್ವಲ್ಲ, ಎಲ್ರೂ ಯಾರಿಗೆ ಅಡ್ಡಬೀಳ್ತಾರೆ? (ಮಲ್ಲೇಶ್ವರದ ಓದುಗರು)

ಉತ್ತರ: ಗುರು ಗ್ರಂಥ ಸಾಹಿಬ್‌ಗೆ. ಗುರು ಗೋವಿಂದ ಸಿಂಗರು ಇನ್ಮುಂದೆ ಗ್ರಂಥವೇ ಗುರು ಅಂದ್ರು, ಅದಕ್ಕೇ ಬದುಕಿರೋ ಗುರು ಥರಾನೇ ಚಾಮರ ಬೀಸ್ತಾರೆ, ರಾತ್ರಿ ಮಲಗಿಸ್ತಾರೆ, ಬೆಳಗ್ಗೆ ತೆರೀತಾರೆ. ತೆರೆದಾಗ ಸಿಕ್ಕ ಪದವೇ ಆ ದಿನದ ಹುಕುಂ. 1430 ಪುಟದಲ್ಲಿ ಸಿಖ್ ಗುರುಗಳ ಜೊತೆ ಕಬೀರ್, ರವಿದಾಸ್, ಶೇಖ್ ಫರೀದ್, ಪಂಢರಪುರದ ವಿಠಲನ ಭಕ್ತ ನಾಮದೇವರ ಪದಗಳೂ ಇವೆ.

ಪ್ರಶ್ನೆ: ಅಷ್ಟು ದೂರ ಹೋಗಕ್ಕಾಗಲ್ಲ, ಬೆಂಗಳೂರಲ್ಲೇ ಸೇವೆ ಮಾಡ್ಬಹುದಾ? (ಮಾರತ್ತಹಳ್ಳಿಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಹಲಸೂರು ಕೆರೆ ಪಕ್ಕ ಗುರುದ್ವಾರ ಇದೆಯಲ್ಲಮ್ಮ, ಅಲ್ಲಿಗೆ ಭಾನುವಾರ ಬೆಳಗ್ಗೆ ಹೋಗು. ಸ್ವಲ್ಪ ಹೊತ್ತು ಕೀರ್ತನೆ ಕೇಳಿ, ಆಮೇಲೆ ಲಂಗರ್ ಕಡೆ ಹೋಗಿ ಏನಾದ್ರೂ ಕೆಲಸ ಕೊಡಿ ಅಂತ ಕೇಳು. ರೊಟ್ಟಿ ಲಟ್ಟಿಸೋದೋ, ತಟ್ಟೆ ತೊಳೆಯೋದೋ ಕೊಡ್ತಾರೆ. ದುಪಟ್ಟಾ ಮರೀಬೇಡ.