ಸ್ವಿಚ್ ಬೋರ್ಡಿನಲ್ಲೇ ಆಫ್ ಮಾಡುವ ಮನೆಗಳಿಗೆ ಅಪ್‌ಡೇಟ್ ಕಾಟ ಯಾಕೆ ಹೆಚ್ಚು?

ಪ್ರಶ್ನೆ: ಮನೆಯಲ್ಲಿ ವಿಂಡೋಸ್ 11 ಹೋಮ್ ಇರುವ ಡೆಸ್ಕ್‌ಟಾಪ್ ಇದೆ. ವಾರಕ್ಕೆ ಎರಡು ಮೂರು ದಿನ, ಸಂಜೆ ಒಂದು ಗಂಟೆ ಬಳಸಿದರೆ ಹೆಚ್ಚು. ಯಾವಾಗ ಆನ್ ಮಾಡಿದರೂ ಒಂದಲ್ಲ ಒಂದು ಅಪ್‌ಡೇಟ್. ರೀಸ್ಟಾರ್ಟ್ ಮಾಡಿ ಎಂಬ ಒತ್ತಾಯ ಬೇರೆ. ಪರಿಚಯದ ಹುಡುಗನೊಬ್ಬ ಸರ್ವಿಸಸ್ ಪಟ್ಟಿಗೆ ಹೋಗಿ ವಿಂಡೋಸ್ ಅಪ್‌ಡೇಟನ್ನು ಡಿಸೇಬಲ್ ಮಾಡಿಕೊಟ್ಟ. ಕೆಲವೇ ದಿನಗಳಲ್ಲಿ ಅದು ತಾನಾಗಿಯೇ ಮತ್ತೆ ಶುರುವಾಯಿತು. ಇದನ್ನು ಶಾಶ್ವತವಾಗಿ ನಿಲ್ಲಿಸಲು ಆಗುವುದಿಲ್ಲವೇ?

ಉತ್ತರ: ಮೊದಲು ಆ ಹುಡುಗನ ಉಪಾಯ ಯಾಕೆ ಕೈಕೊಟ್ಟಿತು ಅಂದರೆ, ವಿಂಡೋಸ್ ಅಪ್‌ಡೇಟ್ ಸರ್ವಿಸನ್ನು ಕಾಯಲು ‘ಮೆಡಿಕ್ ಸರ್ವಿಸ್’ ಎಂಬ ಇನ್ನೊಂದು ಸರ್ವಿಸ್ ಇದೆ. ಅಪ್‌ಡೇಟ್ ವ್ಯವಸ್ಥೆಯ ಯಾವ ಭಾಗ ಕೆಟ್ಟರೂ, ಯಾರಾದರೂ ಆಫ್ ಮಾಡಿದರೂ ಅದನ್ನು ಮೊದಲಿನಂತೆ ಮಾಡುವುದೇ ಅದರ ಕೆಲಸ. ಅದನ್ನೂ ಕೊಲ್ಲುವ ‘ಬ್ಲಾಕರ್’ ತಂತ್ರಾಂಶಗಳು ಸಿಗುತ್ತವೆ. ಅವುಗಳ ತಂಟೆಗೆ ಹೋಗಬೇಡಿ. ಅಡ್ಮಿನಿಸ್ಟ್ರೇಟರ್ ಅಧಿಕಾರ ಕೇಳುವ, ಯಾರು ಬರೆದರೆಂದು ಗೊತ್ತಿಲ್ಲದ ಪ್ರೋಗ್ರಾಂ ಅಪ್‌ಡೇಟಿಗಿಂತ ದೊಡ್ಡ ತಲೆನೋವು.

ಇನ್ನು ನಿಮ್ಮ ಮನೆಯಲ್ಲೇ ಕಾಟ ಯಾಕೆ ಹೆಚ್ಚು ಎಂಬ ಮಾತು. ಬಳಸದ ಹೊತ್ತಿನಲ್ಲೂ ಕಂಪ್ಯೂಟರ್ ಆನ್ ಇರುತ್ತದೆ, ಇಲ್ಲವೇ ಸ್ಲೀಪಿನಲ್ಲಿರುತ್ತದೆ ಎಂಬ ಲೆಕ್ಕದ ಮೇಲೆ ವಿಂಡೋಸ್ ಅಪ್‌ಡೇಟ್ ನಡೆಯುತ್ತದೆ. ನಮ್ಮ ಮನೆಗಳಲ್ಲಿ ಕೆಲಸ ಮುಗಿದ ಕೂಡಲೇ ಶಟ್‌ಡೌನ್, ಆಮೇಲೆ ಗೋಡೆಯ ಸ್ವಿಚ್ಚೂ ಆಫ್. ಹಾಗಾಗಿ ಡೌನ್‌ಲೋಡು, ಇನ್‌ಸ್ಟಾಲು, ವೈರಸ್ ಸ್ಕ್ಯಾನು ಎಲ್ಲಕ್ಕೂ ಉಳಿಯುವುದು ನೀವು ಕುರ್ಚಿಯ ಮೇಲೆ ಕೂತಿರುವ ಆ ಒಂದೇ ಗಂಟೆ. ಕಡಿಮೆ ಬಳಸುವವರಿಗೇ ಕಾಟ ಹೆಚ್ಚು ಅನ್ನಿಸುವುದು ಭ್ರಮೆಯಲ್ಲ.

ಆದ್ದರಿಂದ ಅಪ್‌ಡೇಟಿಗೆ ತಿಂಗಳಿಗೊಂದು ದಿನ ಗೊತ್ತುಮಾಡಿ. ಮೈಕ್ರೋಸಾಫ್ಟ್ 2003ರಿಂದ ತನ್ನ ಸುರಕ್ಷತಾ ಪರಿಹಾರಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುತ್ತಿದೆ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ 10 ಗಂಟೆ ಅಂದರೆ ನಮಗೆ ಮಂಗಳವಾರ ರಾತ್ರಿ 10:30, ಅಲ್ಲಿನ ಚಳಿಗಾಲದಲ್ಲಿ 11:30. ನೀವು ಮೂರನೇ ಭಾನುವಾರವನ್ನು ಇಟ್ಟುಕೊಳ್ಳಿ. ಎರಡನೇ ಮಂಗಳವಾರಕ್ಕೂ ಮೂರನೇ ಭಾನುವಾರಕ್ಕೂ ನಡುವೆ ಒಂದೋ ಐದು ದಿನ, ಇಲ್ಲವೇ ಹನ್ನೆರಡು ದಿನ ಇರುತ್ತದೆ. ಅಪ್‌ಡೇಟಿನಲ್ಲೇ ದೊಡ್ಡ ದೋಷವಿದ್ದರೆ ಸಾಮಾನ್ಯವಾಗಿ ಅಷ್ಟರಲ್ಲಿ ಸುದ್ದಿಯಾಗಿರುತ್ತದೆ.

ಆ ಭಾನುವಾರ ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ. ಮೊದಲೇ ಅಪ್‌ಡೇಟಿಗೆ ತಡೆ ಹಾಕಿದ್ದರೆ ಅಲ್ಲಿ ‘ರೆಸ್ಯೂಮ್’ ಎಂದಿರುತ್ತದೆ. ಎಲ್ಲ ಇಳಿದ ಮೇಲೆ ರೀಸ್ಟಾರ್ಟ್ ಮಾಡಿ, ಮತ್ತೆ ಒಮ್ಮೆ ಚೆಕ್ ಮಾಡಿ. ಕೆಲವು ಅಪ್‌ಡೇಟ್‌ಗಳು ಹಿಂದಿನದು ಕೂತ ಮೇಲಷ್ಟೇ ಕಾಣಿಸಿಕೊಳ್ಳುತ್ತವೆ. ‘ಯು ಆರ್ ಅಪ್ ಟು ಡೇಟ್’ ಎಂದು ಬಂದ ಮೇಲೆ ಅದೇ ಪುಟದಲ್ಲಿ ‘ಪಾಸ್ ಅಪ್‌ಡೇಟ್ಸ್’ (Pause, ಅಂದರೆ ತಾತ್ಕಾಲಿಕ ತಡೆ) ಎದುರು ಐದು ವಾರ ಆರಿಸಿ. ಅದಕ್ಕಿಂತ ಹೆಚ್ಚು ಬಿಡುವುದಿಲ್ಲ. ಆದರೆ ಒಂದು ಮೂರನೇ ಭಾನುವಾರದಿಂದ ಮುಂದಿನದಕ್ಕೆ 28 ಅಥವಾ 35 ದಿನವಷ್ಟೇ, ಲೆಕ್ಕ ಸರಿಹೋಗುತ್ತದೆ. ಅವಧಿ ಮುಗಿದ ಮೇಲೆ ಬಾಕಿಯನ್ನು ಹಾಕಿಕೊಳ್ಳದೆ ಇನ್ನೊಮ್ಮೆ ತಡೆಯಲು ಆಗದು. ಈ ಮಧ್ಯೆ ತುರ್ತು ಅಪ್‌ಡೇಟ್ ಬಂದಿದೆ ಎಂಬ ಸುದ್ದಿ ಕಂಡರೆ ಮಾತ್ರ ಭಾನುವಾರಕ್ಕೆ ಕಾಯದೆ ತಡೆ ತೆಗೆಯಿರಿ.

ಅದೇ ಪುಟದಲ್ಲಿ ‘ಗೆಟ್ ದ ಲೇಟೆಸ್ಟ್ ಅಪ್‌ಡೇಟ್ಸ್ ಆ್ಯಸ್ ಸೂನ್ ಆ್ಯಸ್ ದೇ ಆರ್ ಅವೈಲಬಲ್’ ಎಂಬ ಗುಂಡಿ ಆನ್ ಇದ್ದರೆ ಆಫ್ ಮಾಡಿ. ಹೊಸ ಸೌಲಭ್ಯಗಳು ಎಲ್ಲರಿಗಿಂತ ಮೊದಲು ನಿಮಗೆ ಬರಲಿ ಎಂಬುದು ಅದರ ಅರ್ಥ. ತಿಂಗಳ ಕೊನೆಯ ಭಾಗದಲ್ಲಿ ಬರುವ, ಹೆಸರಿನಲ್ಲಿ ‘ಪ್ರಿವ್ಯೂ’ ಎಂದಿರುವ ಅಪ್‌ಡೇಟನ್ನೂ ಮುಟ್ಟಬೇಡಿ. ಅದು ಮುಂದಿನ ತಿಂಗಳ ಅಡುಗೆಯ ರುಚಿ ನೋಡುವವರಿಗೆ. ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಆಕ್ಟಿವ್ ಅವರ್ಸ್ ಅನ್ನು ಮ್ಯಾನ್ಯುಯಲ್ ಮಾಡಿ, ಬೆಳಿಗ್ಗೆ 6ರಿಂದ ರಾತ್ರಿ 12 ಎಂದು ಕೊಡಿ. ಗರಿಷ್ಠ 18 ಗಂಟೆಗೆ ಅವಕಾಶವಿದೆ. ಆ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಮಾಡಿಕೊಳ್ಳುವುದಿಲ್ಲ.

ಇಷ್ಟಾದರೂ ಡಿಫೆಂಡರ್ ಆ್ಯಂಟಿವೈರಸ್ಸಿನ ‘ಸೆಕ್ಯುರಿಟಿ ಇಂಟೆಲಿಜೆನ್ಸ್’ ಎಂಬ ಸಣ್ಣ ಅಪ್‌ಡೇಟ್ ದಿನಕ್ಕೆ ಹಲವು ಬಾರಿ ಬರುತ್ತಲೇ ಇರುತ್ತದೆ. ‘ಯಾವಾಗ ನೋಡಿದರೂ ಅಪ್‌ಡೇಟ್’ ಅನ್ನುವವರು ಪಟ್ಟಿಯಲ್ಲಿ ನೋಡುತ್ತಿರುವುದು ಬಹುಪಾಲು ಇದನ್ನೇ. ಇದು ರೀಸ್ಟಾರ್ಟ್ ಕೇಳುವುದಿಲ್ಲ, ಕೆಲಸ ನಿಲ್ಲಿಸುವುದಿಲ್ಲ. ಬಿಟ್ಟುಬಿಡಿ.

ಪೂರ್ತಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ, ಫೈಲುಗಳಿಗೆ ಬೀಗ ಜಡಿದು ಹಣ ಕೇಳಿದ 2017ರ ವನ್ನಾಕ್ರೈ ದಾಳಿಯೇ ಉದಾಹರಣೆ. ಅದು ನುಗ್ಗಿದ ರಂಧ್ರವನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ರಂದೇ ಬಂದಿತ್ತು. ದಾಳಿ ಶುರುವಾದದ್ದು ಮೇ 12ರಂದು. ಎರಡು ತಿಂಗಳು ಸಮಯವಿತ್ತು. ಒಂದು ವಾರ ತಡಮಾಡುವುದು ಜಾಣತನ, ಎರಡು ತಿಂಗಳು ತಡಮಾಡುವುದು ಜೂಜು.

ಪ್ರಶ್ನೆ: ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ. ಮೊಬೈಲ್ ಹಾಟ್‌ಸ್ಪಾಟಿನಿಂದ ಲ್ಯಾಪ್‌ಟಾಪಿಗೆ ನೆಟ್ ಕೊಡುತ್ತೇನೆ. ದಿನಕ್ಕೆ 1.5 ಜಿಬಿ ಪ್ಲಾನ್. ಒಂದು ಮೇಲ್ ಕಳಿಸುವಷ್ಟರಲ್ಲಿ ಡೇಟಾ ಖಾಲಿ.

ಉತ್ತರ: ಹಾಟ್‌ಸ್ಪಾಟನ್ನು ಲ್ಯಾಪ್‌ಟಾಪ್ ಸಾಮಾನ್ಯ ವೈಫೈ ಎಂದೇ ತಿಳಿದಿದೆ. ಹಾಟ್‌ಸ್ಪಾಟಿಗೆ ಜೋಡಿಸಿಕೊಂಡು ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಆ ಹಾಟ್‌ಸ್ಪಾಟಿನ ಪ್ರಾಪರ್ಟೀಸ್‌ಗೆ ಹೋಗಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಆಗ ದೊಡ್ಡ ಅಪ್‌ಡೇಟ್‌ಗಳು ಇಳಿಯದೆ ಕಾಯುತ್ತವೆ. ಈ ಗುರುತು ಹಾಟ್‌ಸ್ಪಾಟಿನ ಹೆಸರಿಗೆ ಅಂಟಿಕೊಂಡಿರುತ್ತದೆ. ಫೋನ್ ಬದಲಿಸಿದರೆ ಅಥವಾ ಹೆಸರು ಬದಲಿಸಿದರೆ ಮತ್ತೆ ಮಾಡಬೇಕು. ಜನ ಮರೆಯುವುದು ಇಲ್ಲೇ. ವಿಂಡೋಸ್ ಅಪ್‌ಡೇಟಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ‘ಡೌನ್‌ಲೋಡ್ ಅಪ್‌ಡೇಟ್ಸ್ ಓವರ್ ಮೀಟರ್ಡ್ ಕನೆಕ್ಷನ್ಸ್’ ಆಫ್ ಇದೆಯೇ ಎಂದೂ ನೋಡಿ. ಅದು ಆನ್ ಇದ್ದರೆ ಮೇಲಿನದ್ದೆಲ್ಲ ವ್ಯರ್ಥ.

ಅಲ್ಲೇ ಕೆಳಗೆ ‘ಡೆಲಿವರಿ ಆಪ್ಟಿಮೈಸೇಶನ್’ ಇದೆ. ನೀವು ಇಳಿಸಿಕೊಂಡ ಅಪ್‌ಡೇಟಿನ ತುಣುಕುಗಳನ್ನು ಬೇರೆ ಕಂಪ್ಯೂಟರುಗಳಿಗೆ ಹಂಚುವ ವ್ಯವಸ್ಥೆ ಅದು. ಅದನ್ನು ಆಫ್ ಮಾಡಿ. ಒನ್‌ಡ್ರೈವ್ ಫೋಟೊಗಳನ್ನು ಮೇಲೇರಿಸುತ್ತಿದ್ದರೆ ಅದಕ್ಕೂ ವಿರಾಮ ಕೊಡಿ. ಡೇಟಾ ನುಂಗುವುದರಲ್ಲಿ ಅದೇನೂ ಹಿಂದಿಲ್ಲ. ಯಾವುದು ಎಷ್ಟು ತಿಂದಿದೆ ಎಂಬುದು ನೆಟ್‌ವರ್ಕ್ ಪುಟದ ‘ಡೇಟಾ ಯೂಸೇಜ್’ನಲ್ಲಿ ಸಿಗುತ್ತದೆ, ಊಹಿಸಬೇಕಾಗಿಲ್ಲ. ತಿಂಗಳಿಗೊಮ್ಮೆ ನೆಂಟರ ಮನೆಯದೋ ಕಚೇರಿಯದೋ ವೈಫೈ ಸಿಕ್ಕಾಗ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಿ. ಮಾಸಿಕ ಅಪ್‌ಡೇಟ್‌ಗಳು ಒಂದರೊಳಗೊಂದು ಸೇರಿರುತ್ತವೆ. ಒಂದು ತಿಂಗಳು ತಪ್ಪಿದರೆ ಎರಡು ಪ್ರತ್ಯೇಕ ಕಂತು ಹಾಕಬೇಕಿಲ್ಲ, ಕೊನೆಯದೊಂದೇ ಸಾಕು.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್. ಅಪ್‌ಡೇಟ್ ಶುರುವಾದರೆ 30 ಪರ್ಸೆಂಟಿನಲ್ಲಿ ಎರಡು ಗಂಟೆ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲಿ. ಅರ್ಧದಲ್ಲಿ ಹೋದರೆ ಎಲ್ಲ ಹಾಳಾಗುವುದೇ?

ಉತ್ತರ: ಎರಡು ಗಂಟೆ ಅಂದ ಕೂಡಲೇ ಹಾರ್ಡ್ ಡಿಸ್ಕ್ ಮೇಲೆ ಅನುಮಾನ ಬರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್ ಒತ್ತಿ, ಡಿಸ್ಕ್ ಕೆಳಗೆ ‘ಎಚ್‌ಡಿಡಿ’ ಎಂದಿದ್ದರೆ ಅದೇ ಕಾರಣ. ಅಪ್‌ಡೇಟ್ ಅಂದರೆ ಸಾವಿರಾರು ಸಣ್ಣ ಫೈಲುಗಳನ್ನು ಓದಿ, ಬಿಚ್ಚಿ, ಡಿಸ್ಕಿನ ಬೇರೆ ಬೇರೆ ಜಾಗಗಳಲ್ಲಿ ಬರೆಯುವುದು. ತಿರುಗುವ ಡಿಸ್ಕಿನ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ನಿಲ್ಲಲು ಸುಮಾರು 10 ಮಿಲಿಸೆಕೆಂಡ್ ಬೇಕು, ಅಂದರೆ ಸೆಕೆಂಡಿಗೆ ನೂರರ ಆಸುಪಾಸು ಓಡಾಟ. ತಿರುಗುವ ಭಾಗವೇ ಇಲ್ಲದ, ಚಿಪ್‌ಗಳಿಂದಾದ ಎಸ್‌ಎಸ್‌ಡಿ ಅದೇ ಒಂದು ಸೆಕೆಂಡಿನಲ್ಲಿ ಹತ್ತಾರು ಸಾವಿರ ಸಲ ಓದಿ ಬರೆಯುತ್ತದೆ. ಪರದೆಯ ಮೇಲಿನ ಪರ್ಸೆಂಟ್ ಹಂತಗಳ ಲೆಕ್ಕ, ಗಡಿಯಾರದ ಲೆಕ್ಕವಲ್ಲ. 30ರಲ್ಲಿ ನಿಂತಿದೆ ಅಂದರೆ ಮುಂದಿನ ಹಂತ ಉದ್ದವಿದೆ ಅಷ್ಟೆ.

ಹಾಗಾಗಿ ಡಬ್ಬದ ಮೇಲಿನ ಡಿಸ್ಕ್ ದೀಪ ಮಿಣುಕುತ್ತಿರುವವರೆಗೆ ಪವರ್ ಬಟನ್ ಮುಟ್ಟಬೇಡಿ. ಮೂರು ಗಂಟೆ ದಾಟಿ, ದೀಪವೂ ಪೂರ್ತಿ ಸುಮ್ಮನಾಗಿದ್ದರೆ ಮಾತ್ರ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಆರಿಸಿ.

ಕರೆಂಟ್ ಹೋದರೆ ಎಲ್ಲ ಹಾಳು ಎಂಬುದು ಹಳೆಯ ಭಯ. ಮತ್ತೆ ಆನ್ ಮಾಡಿದಾಗ ಬಹುತೇಕ ಸಲ ವಿಂಡೋಸ್ ಮುಂದುವರಿಸುತ್ತದೆ, ಇಲ್ಲವೇ ‘ಅನ್‌ಡೂಯಿಂಗ್ ಚೇಂಜಸ್’ ಎಂದು ತೋರಿಸಿ ಹಿಂದಿನ ಸ್ಥಿತಿಗೆ ಮರಳುತ್ತದೆ. ಸತತ ಎರಡು ಸಲ ತೆರೆದುಕೊಳ್ಳದಿದ್ದರೆ ಮೂರನೇ ಸಲ ತಾನಾಗಿ ರಿಪೇರಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್, ‘ಲೇಟೆಸ್ಟ್ ಕ್ವಾಲಿಟಿ ಅಪ್‌ಡೇಟ್’ ಎಂದು ಹೋಗಿ ತೆಗೆದುಹಾಕಿ. ನಿಮ್ಮ ಫೈಲುಗಳಿಗೆ ಏನೂ ಆಗುವುದಿಲ್ಲ. ಪಕ್ಕದಲ್ಲೇ ಇರುವ ‘ರೀಸೆಟ್ ದಿಸ್ ಪಿಸಿ’ಯನ್ನು ಗಾಬರಿಯಲ್ಲಿ ಒತ್ತಬೇಡಿ, ಅದು ಬೇರೆಯೇ ವ್ಯವಹಾರ. ನಿಜಕ್ಕೂ ಹೆದರಬೇಕಾದದ್ದು ಬಯಾಸ್ (ವಿಂಡೋಸಿಗೂ ಮೊದಲು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ) ಅಥವಾ ‘ಫರ್ಮ್‌ವೇರ್’ ಅಪ್‌ಡೇಟಿಗೆ. ಅದರ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಎದ್ದೇಳದಿರಬಹುದು. ಮಳೆ ಗುಡುಗಿನ ದಿನ ಅದನ್ನು ಹಾಕಬೇಡಿ.

600 ವಿಎ ಯುಪಿಎಸ್‌ನಲ್ಲಿ ಹೊಸ ಬ್ಯಾಟರಿ ಇದ್ದರೆ ಸಾಧಾರಣ ಡೆಸ್ಕ್‌ಟಾಪ್ ಹತ್ತು–ಹದಿನೈದು ನಿಮಿಷ ನಡೆಯುತ್ತದೆ. ಎರಡು ಗಂಟೆಯ ಅಪ್‌ಡೇಟಿಗೆ ಅದು ಯಾವ ಮೂಲೆಗೂ ಸಾಲದು. ಎಸ್‌ಎಸ್‌ಡಿ ಹಾಕಿದ ಮೇಲೆ ರೀಸ್ಟಾರ್ಟಿನ ಹಂತ ಕೆಲವೇ ನಿಮಿಷಗಳಿಗೆ ಇಳಿಯುವುದರಿಂದ ಅದೇ ಯುಪಿಎಸ್ ಸಾಕಾಗುತ್ತದೆ. ದುಡ್ಡು ಖರ್ಚು ಮಾಡುವುದಾದರೆ ಮೊದಲು 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಆಮೇಲೆ ಉಳಿದದ್ದು. ಹಳೆಯ ಡಿಸ್ಕಿನಲ್ಲಿ ತುಂಬಿರುವುದು 200 ಜಿಬಿಗಿಂತ ಕಡಿಮೆ ಇದ್ದರೆ ಯುಎಸ್‌ಬಿ–ಸಾಟಾ ಕೇಬಲ್ ಹಾಕಿ ಕ್ಲೋನ್ (ಇಡೀ ಡಿಸ್ಕಿನ ಯಥಾವತ್ ನಕಲು) ಮಾಡಬಹುದು. ಕ್ಲೋನ್ ಆದ ಮೇಲೆ ಮೊದಲ ಸಲ ಬೂಟ್ ಮಾಡುವಾಗ ಹಳೆಯ ಡಿಸ್ಕಿನ ಕೇಬಲ್ ಕಳಚಿರಲಿ. ಎರಡೂ ಇದ್ದರೆ ಒಂದೇ ಗುರುತಿನ ಎರಡು ಡಿಸ್ಕ್ ಕಂಡು ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ.

ಪ್ರಶ್ನೆ: ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ಬಂದು 48 ಅಂಕಿಯ ‘ರಿಕವರಿ ಕೀ’ ಕೇಳುತ್ತಿದೆ. ನಾನು ಅಂಥದ್ದೇನೂ ಇಟ್ಟಿಲ್ಲ.

ಉತ್ತರ: ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನದೇ ವ್ಯವಸ್ಥೆ ಬಿಟ್‌ಲಾಕರ್ ಇಟ್ಟಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗುತ್ತದೆ, ಕೀ ಆ ಖಾತೆಯಲ್ಲಿ ಉಳಿಯುತ್ತದೆ. ಫೋನಿನಲ್ಲಿ ಮೈಕ್ರೋಸಾಫ್ಟ್ ಖಾತೆಯ ಪುಟ ತೆರೆದು, ಡಿವೈಸಸ್ ಒಳಗೆ ಬಿಟ್‌ಲಾಕರ್ ಕೀಗಳ ಪಟ್ಟಿ ನೋಡಿ. ಪರದೆಯ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರಗಳಿಗೆ ಹೊಂದುವ ಸಾಲಿನಲ್ಲಿರುವ 48 ಅಂಕಿಯ ಕೀಯನ್ನು ಟೈಪ್ ಮಾಡಿ. ಖಾತೆ ಯಾರದು ಎಂಬುದು ಮುಖ್ಯ: ಮೊದಲ ದಿನ ಅಂಗಡಿಯವರೋ ಮಗನೋ ತಮ್ಮ ಇಮೇಲ್ ಹಾಕಿ ಸಿದ್ಧಪಡಿಸಿದ್ದರೆ ಕೀ ಅವರ ಖಾತೆಯಲ್ಲಿರುತ್ತದೆ. ಕೀ ಎಲ್ಲೂ ಸಿಗದಿದ್ದರೆ ಡಿಸ್ಕಿನಲ್ಲಿರುವುದನ್ನು ಯಾವ ರಿಪೇರಿಯವರೂ ತೆಗೆದುಕೊಡಲಾರರು. ತೆಗೆಯುತ್ತೇನೆ ಎಂದು ಹಣ ಕೇಳಿದರೆ ಕೊಡಬೇಡಿ. ಉಳಿದ ಓದುಗರು ಇಂದೇ ಆ ಅಂಕಿಗಳನ್ನು ಕಾಗದದ ಮೇಲೆ ಬರೆದು, ಆರ್‌ಸಿ, ಪಾಸ್‌ಬುಕ್ ಇಡುವ ಜಾಗದಲ್ಲಿಡಿ.

ಪ್ರಶ್ನೆ: ಆರನೇ ತಲೆಮಾರಿನ ಐ5, ವಿಂಡೋಸ್ 10. ಚೆನ್ನಾಗಿಯೇ ಓಡುತ್ತಿದೆ. ಇನ್ನು ಅಪ್‌ಡೇಟ್ ಬರುವುದಿಲ್ಲ ಅನ್ನುತ್ತಾರೆ. ಒಳ್ಳೆಯದೇ ಆಯಿತಲ್ಲ?

ಉತ್ತರ: ನೆಮ್ಮದಿ ಅನ್ನಿಸುವುದು ಸಹಜ, ಆದರೆ ರಂಧ್ರಗಳು ಸಿಗುವುದು ನಿಲ್ಲುವುದಿಲ್ಲ, ಮುಚ್ಚುವುದು ಮಾತ್ರ ನಿಲ್ಲುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಮಾತ್ರ ಕೊಡುವ ಇಎಸ್‌ಯು ಯೋಜನೆ ಇಟ್ಟರು. ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ವಿಂಡೋಸ್ ಬ್ಯಾಕಪ್‌ನಲ್ಲಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಹಣವಿಲ್ಲ. ಅದು ಬೇಡವೆಂದರೆ 1,000 ರಿವಾರ್ಡ್ಸ್ ಅಂಕ ಅಥವಾ 30 ಡಾಲರ್. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ‘ಎನ್‌ರೋಲ್ ನೌ’ ಕೊಂಡಿ ಇರುತ್ತದೆ. ಇದರಲ್ಲಿ ಹೊಸ ಸೌಲಭ್ಯಗಳಿಲ್ಲ, ಮೆನು ಬದಲಾವಣೆಯಿಲ್ಲ. ಅಪ್‌ಡೇಟ್ ಅಂದರೆ ಹೀಗಿರಬೇಕು ಅನ್ನಿಸುವಷ್ಟು ಶಾಂತ.

ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಿಂದಿನವು ವಿಂಡೋಸ್ 11ರ ಪಟ್ಟಿಯಲ್ಲಿ ಬಹುಮಟ್ಟಿಗೆ ಇಲ್ಲ, ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಕೂಡ ಬೇಕು. ತಪ್ಪಿಸಿಕೊಂಡು ಹಾಕುವ ಉಪಾಯಗಳಿವೆ. ಹಾಗೆ ಹಾಕಿದ ಕಂಪ್ಯೂಟರಿಗೆ ಅಪ್‌ಡೇಟ್ ಬರುತ್ತದೆಂಬ ಭರವಸೆಯನ್ನು ಕಂಪನಿ ಕೊಡುವುದಿಲ್ಲ, ಅಪ್‌ಡೇಟ್ ಕಾಟಕ್ಕೆ ಹೆದರಿದವರಿಗೆ ಅದು ಮದ್ದಲ್ಲ. ಬ್ರೌಸರ್, ಮೇಲ್, ಪತ್ರ ಬರೆಯುವುದು ಇಷ್ಟೇ ನಿಮ್ಮ ಕೆಲಸವಾದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ 22 ನೋಡಿ, 2029ರವರೆಗೆ ಬೆಂಬಲವಿದೆ. ಅಲ್ಲೂ ಅಪ್‌ಡೇಟ್ ಬರುತ್ತದೆ, ಆದರೆ ಮೂಲೆಯಲ್ಲಿ ಒಂದು ಗುರುತು ತೋರಿಸಿ ಸುಮ್ಮನಿರುತ್ತದೆ. ಮೊದಲು ಪೆನ್‌ಡ್ರೈವಿನಿಂದ ‘ಲೈವ್’ ಆಗಿ ಓಡಿಸಿ, ಪ್ರಿಂಟರ್ ಮತ್ತು ವೈಫೈ ಹಿಡಿಯುತ್ತದೆಯೇ ಎಂದು ನೋಡಿಕೊಳ್ಳಿ. ಟ್ಯಾಲಿ ಅಥವಾ ಡಿಜಿಟಲ್ ಸಹಿಯ ಟೋಕನ್ ಬಳಸುವವರು ಇತ್ತ ಬರುವ ಮೊದಲು ಎರಡು ಸಲ ಯೋಚಿಸಿ.

ಪ್ರಶ್ನೆ: ವಿಂಡೋಸ್ 7 ಇದ್ದ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಬಂದೆ. ತುಂಗಾ ಫಾಂಟಿನಲ್ಲಿ ಬರೆದಿದ್ದ ಕನ್ನಡ ಕಡತಗಳ ಅಕ್ಷರದ ರೂಪ ಬದಲಾಗಿದೆ, ಪುಟಗಳ ಲೆಕ್ಕ ಏರುಪೇರು.

ಉತ್ತರ: ಕಡತ ಸರಿಯಿದೆ, ಫಾಂಟ್ ಇಲ್ಲ ಅಷ್ಟೆ. ವಿಂಡೋಸ್ 10ರಿಂದ ತುಂಗಾ ಐಚ್ಛಿಕವಾಯಿತು, ಅದರ ಜಾಗದಲ್ಲಿ ನಿರ್ಮಲಾ ಯುಐ ಕಾಣಿಸುತ್ತದೆ. ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ ಆಪ್ಷನಲ್ ಫೀಚರ್ಸ್ ಎಂದು ಹುಡುಕಿ, ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿ. ಇದೂ ವಿಂಡೋಸ್ ಅಪ್‌ಡೇಟ್ ಮೂಲಕವೇ ಇಳಿಯುತ್ತದೆ. ಹಾಗಾಗಿ ಅಪ್‌ಡೇಟ್ ಸರ್ವಿಸನ್ನು ಕೊಂದು ಕೂತಿದ್ದರೆ ತುಂಗಾ ಬರುವುದಿಲ್ಲ.